ಕಾಲು ಕೇಳುವ ಬೆಂಕಿ

ನಮ್ಮ ಊರಿನಲ್ಲಿ ಬೆಂಕಿಕಡ್ಡಿ ಹೊತ್ತುವುದಿಲ್ಲ. ಹೊರಗಿನಿಂದ ಬಂದವರು ಮೊದಲ ದಿನ ಒಂದು ಪೊಟ್ಟಣ ಪೂರ್ತಿ ಗೀರಿ ನೋಡುತ್ತಾರೆ, ಎರಡನೆಯ ದಿನ ನಮ್ಮ ಹಾಗೆಯೇ ಮಡಕೆ ಹಿಡಿದುಕೊಂಡು ಕುಲುಮೆಯ ಮುಂದೆ ಬಂದು ನಿಲ್ಲುತ್ತಾರೆ. ಊರಿಗೆಲ್ಲ ಬೆಂಕಿ ಇರುವುದು ಅದೊಂದೇ ಕಡೆ. ಬೆಳಗ್ಗೆ ಅಲ್ಲಿಂದ ಕೆಂಡ ಒಯ್ದು ಒಲೆ ಹೊತ್ತಿಸಿಕೊಳ್ಳಬೇಕು. ಹೊತ್ತು ಮುಳುಗಿದರೆ ಮನೆಮನೆಯ ಬೆಂಕಿಯೂ ತಾನಾಗಿ ಆರುತ್ತದೆ, ಎಷ್ಟು ಸೌದೆ ಒಟ್ಟಿದರೂ ಅಷ್ಟೆ. ಕರೆಂಟಿನ ದೀಪ ಉರಿಯುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಕರೆಂಟಿನ ಒಲೆಯ ಸುರುಳಿಯೂ ಕೆಂಪಗಾಗುತ್ತದೆ, ಆದರೆ ಮೇಲಿಟ್ಟ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಹಾಗಾಗಿ ನಾವೆಲ್ಲ ಬಿಸಿಲಿರುವಾಗಲೇ ಅಡುಗೆ ಮುಗಿಸಿ ಉಣ್ಣುತ್ತೇವೆ. ಬಾಣಂತಿಗೆ ಬಿಸಿನೀರು ಬೇಕಾದರೆ ಹಗಲೇ ಹೆರಬೇಕು ಎಂದು ಹೆಂಗಸರು ತಮಾಷೆ ಮಾಡುತ್ತಾರೆ.

ಕುಲುಮೆಯ ಬೆಂಕಿ ಮಾತ್ರ ಆರುವುದಿಲ್ಲ, ಗಾಳಿಯೂದುವ ತಿದಿ ಒತ್ತುವವರು ಇರುವ ತನಕ. ಒತ್ತುವವನು ಊರ ಆಚಾರಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಆಚಾರಿಯಾಗಿದ್ದವರು ನಮ್ಮ ಮಾವ ಸಿದ್ದಾಚಾರಿ. ಅವರ ಎಡಗಾಲು ಮಂಡಿಯಿಂದ ಕೆಳಗೆ ಸೊಟ್ಟಗಿತ್ತು. ಅವರ ಅಪ್ಪನದೂ ಹಾಗೇ ಇತ್ತಂತೆ, ಅವರ ಅಜ್ಜನದೂ. ನಮ್ಮ ದೇವರು ಬೆಂಕಿರಾಯ. ಆಚಾರಿ ಕುಲುಮೆಗೆ ಕೂತ ನಲವತ್ತು ದಿನದೊಳಗೆ ಬೆಂಕಿರಾಯ ಅವನ ಎಡಗಾಲು ಕೇಳುತ್ತಾನೆ, ಕೊಟ್ಟ ಮೇಲೆ ಆ ಆಚಾರಿ ಬದುಕಿರುವ ತನಕ ಊರಿಗೆ ಕೆಂಡ ಕೊಡುತ್ತಾನೆ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಒಬ್ಬ ಆಚಾರಿ ಕಟ್ಟೆಯಿಂದ ಬಿದ್ದನಂತೆ. ಇನ್ನೊಬ್ಬನ ಮೇಲೆ ಅಡಿಗಲ್ಲು ಉರುಳಿತಂತೆ. ಮಾವನನ್ನು ಕೇಳಿದರೆ, "ಎದ್ದು ನೋಡ್ತೀನಿ, ಮುರಿದುಹೋಗಿತ್ತು ಕಣಮ್ಮ" ಎನ್ನುತ್ತಿದ್ದರು. ನಾನು ಮೂಳೆ ಕಟ್ಟುವವರ ಮಗಳು. ಮಲಗಿದ್ದವನ ಕಾಲು ತಾನಾಗಿ ಮುರಿಯುವುದಿಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ಯಾರು ತಿರುಗಿಸಿ ನೋಡುತ್ತಾರೆ?

ನಮ್ಮಪ್ಪ ಪುಟ್ಟಾಚಾರಿ ಊರಿನ ಬಡಗಿ. ಬಾಗಿಲು, ಮಂಚ, ನೇಗಿಲು ಮಾಡುವುದರ ಜೊತೆಗೆ ಮುರಿದ ಕೈಕಾಲಿಗೆ ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಿದ್ದರು. ಅವರ ಕೈಗುಣ ದೊಡ್ಡದು. ಮರದಿಂದ ಬಿದ್ದವರನ್ನು, ಎತ್ತು ಹಾಯ್ದವರನ್ನು ಮೂರು ತಿಂಗಳಲ್ಲಿ ಓಡಾಡುವ ಹಾಗೆ ಮಾಡುತ್ತಿದ್ದರು. ಅವರು ಕಟ್ಟಿದ ಕಾಲು ಸೊಟ್ಟಗಾದದ್ದನ್ನು ನಾನು ಕಂಡಿದ್ದು ಒಂದೇ ಕಡೆ, ನಮ್ಮ ಮಾವನ ಮೈಯಲ್ಲಿ. ದೇವರು ಕೇಳಿದ ಕಾಲು, ಅದನ್ನು ನೆಟ್ಟಗೆ ಮಾಡಲು ಯಾರಿಂದಲೂ ಆಗುವುದಿಲ್ಲ ಎಂದು ಅಪ್ಪ ಹೇಳಿದ್ದರು. ನಾನು ನಂಬಿದ್ದೆ.

ಮಾಘದಲ್ಲಿ ಮಾವ ಜ್ವರ ಬಂದು ಮಲಗಿದವರು ಏಳಲಿಲ್ಲ. ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ನನ್ನ ಗಂಡ ಕಾಳಿಂಗಾಚಾರಿಯನ್ನು ಊರಿನವರು ಕುಲುಮೆಗೆ ಕೂರಿಸಿದರು. ಅವರಿಗಾಗ ಮೂವತ್ತೊಂದು ವರ್ಷ. ಮಾತು ಕಡಿಮೆ, ನಡಿಗೆ ಜೋರು. ಕುಡುಗೋಲು ತಟ್ಟುವಾಗ ಹಲ್ಲಿನ ನಡುವೆ ಏನೋ ಹಾಡಿಕೊಳ್ಳುವವರು. ಕೂರಿಸಿದ ಮಾರನೆಯ ದಿನದಿಂದ ನೋಡುತ್ತೇನೆ, ಕೆಂಡಕ್ಕೆ ಬಂದ ಹೆಂಗಸರೆಲ್ಲ ಮಡಕೆಯನ್ನು ನೋಡುವ ಬದಲು ಅವರ ಕಾಲು ನೋಡುತ್ತಿದ್ದಾರೆ. ಗಂಡಸರು ದಾರಿಯಲ್ಲಿ ನಿಲ್ಲಿಸಿ, "ಏನು ಆಚಾರಿ, ಎಲ್ಲಿಗೆ ಹೊರಟೆ? ಯಾವಾಗ ಬರ್ತೀಯ?" ಎಂದು ಕೇಳುತ್ತಾರೆ. ಹಳ್ಳಕ್ಕೆ ಸ್ನಾನಕ್ಕೆ ಹೋದರೂ ಯಾರಾದರೊಬ್ಬರು ದಡದ ಮೇಲೆ ಹಲ್ಲುಜ್ಜುತ್ತ ನಿಂತಿರುತ್ತಿದ್ದರು. ಊರ ಪಟೇಲ ತಿಮ್ಮರಸಯ್ಯನವರಂತೂ ದಿನಕ್ಕೆರಡು ಸಲ ಬಂದು ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದರು.

ಇಂಥ ಹೊತ್ತಿನಲ್ಲಿ ವಾರಿಜಾಕ್ಷಿ ಮೇಡಂ ಬಂದರು. ಅರವತ್ತು ದಾಟಿದ ಹೆಂಗಸು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೇರೆ ಬೇರೆ ದೇಶಗಳ ಕಮ್ಮಾರ ದೇವರುಗಳ, ಬೆಂಕಿ ದೇವರುಗಳ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ತಮ್ಮ ಕೆಲಸ ಎಂದರು. ಊರಿನಲ್ಲಿ ಇಳಿದುಕೊಳ್ಳಲು ಬೇರೆ ಜಾಗವಿಲ್ಲದ್ದರಿಂದ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟೆ.

ಅವರು ಬಂದ ಮೂರನೆಯ ದಿನಕ್ಕೆ ಊರಿಗೆ ಅನುಮಾನ ಹತ್ತಿತು. ಅವರ ಹತ್ತಿರ ಉದ್ದನೆಯದೊಂದು ಸ್ಟೀಲಿನ ಫ್ಲಾಸ್ಕ್ ಇತ್ತು, ಎಲ್ಲಿ ಹೋದರೂ ಹೆಗಲಿಗೆ ತೂಗುಬಿಟ್ಟುಕೊಂಡು ಹೋಗುತ್ತಿದ್ದರು. ಆ ಸಂಜೆ ಕತ್ತಲಾದ ಮೇಲೆ ಪಟೇಲರು ನಾಲ್ಕು ಜನರನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತರು.

"ಅದರೊಳಗೆ ಏನಮ್ಮ?" ಎಂದರು.

"ಟೀ."

"ತೆಗೀರಿ, ನೋಡೋಣ."

ಮೇಡಂ ಮುಚ್ಚಳ ತಿರುಗಿಸಿ, ಅದರಲ್ಲೇ ಒಂದಿಷ್ಟು ಬಗ್ಗಿಸಿ ಪಟೇಲರ ಕೈಗೆ ಕೊಟ್ಟರು. ಪಟೇಲರು ಮೂಸಿದರು, ಒಂದು ಗುಟುಕು ಕುಡಿದರು, ಫ್ಲಾಸ್ಕಿನೊಳಗೆ ಒಂದು ಕಣ್ಣಿಟ್ಟು ನೋಡಿದರು. ಹೊತ್ತು ಮುಳುಗಿದ ಮೇಲೂ ಬಿಸಿಯಾಗಿರುವ ಟೀಯನ್ನು ಅವರು ಜೀವಮಾನದಲ್ಲಿ ಕುಡಿದಿರಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇಷ್ಟು ಬಿಸಿ ಕದ್ದಿಡುವವಳು ಕೆಂಡ ಕದಿಯುವುದಿಲ್ಲವೇ ಎಂದು ಊರೆಲ್ಲ ಮಾತಾಯಿತು.

ಮೇಡಂಗೆ ಇದರಿಂದ ಬೇಸರವಾಗಲಿಲ್ಲ. "ಅವರು ಹೆದರೋದು ಸರಿಯೇ ದೇವೀರಿ" ಎಂದು ನನಗೆ ಹೇಳಿದರು. "ಎಲ್ಲ ದೇಶದಲ್ಲೂ ಬೆಂಕೀನ ಯಾರೋ ಕದ್ದೇ ತಂದಿರೋದು. ಗ್ರೀಕರಲ್ಲಿ ಒಬ್ಬ ಅದನ್ನ ಗಿಡದ ಟೊಳ್ಳು ಕಡ್ಡಿಯೊಳಗೆ ಅಡಗಿಸಿ ತಂದ. ನಮ್ಮ ವೇದದಲ್ಲೂ ಒಬ್ಬ ಆಕಾಶದಿಂದ ತಂದು ಕೊಟ್ಟ ಅಂತ ಇದೆ."

"ಕಮ್ಮಾರರ ಕಥೆ?" ಎಂದೆ.

ಅದನ್ನು ಅವರು ಮಧ್ಯಾಹ್ನ ಊಟವಾದ ಮೇಲೆ ಕುಲುಮೆಯ ಜಗಲಿಯಲ್ಲಿ ಕೂತು ಹೇಳಿದರು. ನನ್ನ ಗಂಡ ತಿದಿ ಒತ್ತುತ್ತಿದ್ದರು, ನಾನು ಇದ್ದಿಲು ಆರಿಸುತ್ತಿದ್ದೆ. ಗ್ರೀಕರ ಕಮ್ಮಾರ ದೇವರು ಕುಂಟ, ಅವನನ್ನು ಬೆಟ್ಟದ ಮೇಲಿನಿಂದ ಕೆಳಕ್ಕೆ ಎಸೆದರಂತೆ. ಉತ್ತರದ ಹಿಮದ ದೇಶದ ಕಮ್ಮಾರನೂ ಕುಂಟ. ಬಾಲ್ಟಿಕ್ ಸಮುದ್ರದ ದಡದ ಜನರ ಕಮ್ಮಾರ ಸೂರ್ಯನನ್ನೇ ತಟ್ಟಿ ಆಕಾಶಕ್ಕೆ ಎಸೆದನಂತೆ. ನಮ್ಮ ತ್ವಷ್ಟೃ ಇಂದ್ರನಿಗೆ ವಜ್ರಾಯುಧ ಮಾಡಿಕೊಟ್ಟ. ಈ ಜನರೆಲ್ಲರ ಭಾಷೆಗಳು ಸಾವಿರಾರು ವರ್ಷಗಳ ಹಿಂದೆ ಒಂದೇ ಬೇರಿನಿಂದ ಹೊರಟವು, ಕಥೆಗಳೂ ಹಾಗೇ ನಡೆದುಕೊಂಡು ಹೋಗಿರಬಹುದು ಎಂದು ಮೇಡಂ ಹೇಳಿದರು.

"ಅಲ್ಲೂ ಕಮ್ಮಾರ ಕುಂಟ ಯಾಕೆ?" ಎಂದು ನನ್ನ ಗಂಡ ತಿದಿ ನಿಲ್ಲಿಸದೆಯೇ ಕೇಳಿದರು.

"ಒಬ್ಬೊಬ್ಬರು ಒಂದೊಂದು ಹೇಳ್ತಾರಪ್ಪ. ತಾಮ್ರ ಕರಗಿಸುವಾಗ ಏಳುವ ವಿಷದ ಹೊಗೆಗೆ ನರ ಸತ್ತು ಕಾಲು ಹೋಗ್ತಿತ್ತು ಅಂತ ಕೆಲವರು. ಯುದ್ಧಕ್ಕೆ ಹೋಗಲಾರದ ಕುಂಟರೇ ಕುಲುಮೆಗೆ ಕೂರ್ತಿದ್ದರು ಅಂತ ಇನ್ನು ಕೆಲವರು. ಆದರೆ ಉತ್ತರದ ದೇಶದ ಕಥೆಯಲ್ಲಿ ಮಾತ್ರ ಮುಚ್ಚುಮರೆ ಇಲ್ಲ. ಅಲ್ಲಿಯ ರಾಜ ಆ ಕಮ್ಮಾರನ ಕಾಲಿನ ನರ ಕತ್ತರಿಸಿ ಒಂದು ದ್ವೀಪದಲ್ಲಿ ಕೂರಿಸಿದ."

"ಯಾಕೆ?"

"ಎಲ್ಲೂ ಹೋಗಬಾರದು ಅಂತ."

ತಿದಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಮೇಡಂ ಕನ್ನಡಕ ಒರೆಸಿಕೊಳ್ಳುತ್ತ, "ದೇವರು ಮಾಡಿದ ಅಂತ ಕಥೆ ಹೇಳಿದಾಗಲೆಲ್ಲ ನಾನು, ಅಲ್ಲಿ ಯಾರ ಕೈ ಇತ್ತು ಅಂತ ಹುಡುಕ್ತೀನಿ. ಅದೊಂದು ಕೆಟ್ಟ ಅಭ್ಯಾಸ" ಎಂದು ನಕ್ಕರು. ಆಮೇಲೆ ನಮ್ಮಿಬ್ಬರ ಮುಖ ನೋಡಿ ನಗು ನಿಲ್ಲಿಸಿದರು. ಮಾತು ತಿರುಗಿಸುವುದಕ್ಕೋ ಏನೋ, ಇನ್ನೊಂದು ಕಥೆ ಹೇಳಿದರು. ಅಗ್ನಿಯೂ ಒಮ್ಮೆ ಓಡಿಹೋಗಿದ್ದನಂತೆ. ದೇವತೆಗಳಿಗೆ ಹವಿಸ್ಸು ಹೊತ್ತು ಹೊತ್ತು ಅವನ ಅಣ್ಣಂದಿರು ಸತ್ತಿದ್ದರು. ತನಗೂ ಅದೇ ಗತಿ ಎಂದು ಹೆದರಿ ಅವನು ನೀರಿನೊಳಗೆ ಅಡಗಿಕೊಂಡ. ದೇವತೆಗಳು ಹುಡುಕಿಕೊಂಡು ಹೋಗಿ, ನಿನಗೇನು ಬೇಕು ಎಂದು ಕೇಳಿದರು. ಆಯುಸ್ಸು ಬೇಕು, ಯಜ್ಞದಲ್ಲಿ ಪಾಲು ಬೇಕು ಎಂದ. ಕೊಟ್ಟರು. ಬಂದ.

"ಏನು ಬೇಕು ಅಂತ ಕೇಳಿದರಾ?" ಎಂದರು ನನ್ನ ಗಂಡ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲ ಎಂಬಂತೆ, "ಪರವಾಗಿಲ್ಲ, ಕೇಳಿದರಲ್ಲ" ಎಂದರು.

ಆ ದಿನದಿಂದ ನನ್ನ ಕಣ್ಣು ಬೇರೆಯಾಯಿತು. ಯಾರು ನಕ್ಕರೂ ಯಾಕೆ ನಕ್ಕರು ಎನಿಸುತ್ತಿತ್ತು. ಊಟದ ಮನೆ ನಡೆಸುವ ಸುಬ್ಬಕ್ಕ ದಿನವೂ ಎಲ್ಲರಿಗಿಂತ ಮೊದಲು ಕೆಂಡಕ್ಕೆ ಬರುವವಳು. ಅವಳು ಒಂದು ಲೋಟ ಮಜ್ಜಿಗೆ ತಂದುಕೊಟ್ಟರೆ ನಾನು ಅದನ್ನು ಹಿತ್ತಲಿಗೆ ಚೆಲ್ಲಿದೆ. ಪಟೇಲರು ಕೂತು ಎದ್ದ ಜಾಗವನ್ನು ಪೊರಕೆಯಿಂದ ಗುಡಿಸಿ ನೋಡಿದೆ. ನಾನು ಅನುಮಾನಪಡದೇ ಇದ್ದದ್ದು ಒಬ್ಬರ ಮೇಲೆ ಮಾತ್ರ.

ಮೂವತ್ತನೆಯ ದಿನ ಅಪ್ಪ ನಮ್ಮ ಮನೆಗೆ ಬಂದರು. ಅಳಿಯನಿಗೆ ಹೊಸ ಮಂಚ ಮಾಡಿಕೊಡುತ್ತೇನೆ, ಅಳತೆ ಬೇಕು ಎಂದರು. ನನ್ನ ಗಂಡನನ್ನು ಗೋಡೆಗೆ ನಿಲ್ಲಿಸಿ ದಾರ ಹಿಡಿದರು. ನಾನು ಒಳಗಿನಿಂದ ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತೆ. ಅಪ್ಪ ದಾರದ ಒಂದು ತುದಿಯನ್ನು ಅವರ ಎಡಕಂಕುಳಿಗೆ ಒತ್ತಿ ಹಿಡಿದು, ಇನ್ನೊಂದನ್ನು ಹಿಮ್ಮಡಿಯ ತನಕ ಇಳಿಸಿ ಗಂಟು ಹಾಕಿದರು. ಮಂಚಕ್ಕೆ ಯಾರೂ ಕಂಕುಳಿನಿಂದ ಅಳತೆ ತೆಗೆಯುವುದಿಲ್ಲ.

ಎರಡು ದಿನ ಬಿಟ್ಟು, ಅಪ್ಪ ಕೊಟ್ಟಿಗೆಯಲ್ಲಿ ಒಬ್ಬರೇ ಇರುವ ಹೊತ್ತು ನೋಡಿಕೊಂಡು ತವರಿಗೆ ಹೋದೆ. ಕೊಟ್ಟಿಗೆಯೇ ಅವರ ಕೆಲಸದ ಜಾಗ. ಗೋಡೆಗೊರಗಿಸಿದ ಹಲಗೆಗಳ ಹಿಂದೆ ಗೋಣಿ ಹೊದಿಸಿದ ಏನೋ ಇತ್ತು. ಗೋಣಿ ಎಳೆದೆ. ಊರುಗೋಲು. ಕಂಕುಳಿಗೆ ಆನಿಸುವ ಅಡ್ಡಪಟ್ಟಿಗೆ ಬಟ್ಟೆ ಸುತ್ತಿ ಮೆತ್ತಗೆ ಮಾಡಿದ್ದರು.

ಅಪ್ಪ ಉಜ್ಜುಗೊರಡು ಕೆಳಗಿಟ್ಟರು. ಸುಳ್ಳು ಹೇಳಬೇಕೋ ಬೇಡವೋ ಎಂದು ಅವರು ಯೋಚಿಸುತ್ತಿದ್ದುದು ಕಾಣುತ್ತಿತ್ತು.

"ಯಾರಿಗಪ್ಪ ಇದು?"

"ಗೊತ್ತಿದ್ದೂ ಯಾಕೆ ಕೇಳ್ತೀಯ?"

"ಇನ್ನೂ ಮುರಿದಿಲ್ಲವಲ್ಲ."

ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತು, ಎಲ್ಲ ಹೇಳಿದರು. ಅವರ ಮುತ್ತಜ್ಜನ ಕಾಲದಲ್ಲಿ ಒಬ್ಬ ಆಚಾರಿ ಸಂತೆಗೆಂದು ಹೋದವನು ಒಂಬತ್ತು ದಿನ ಬರಲಿಲ್ಲವಂತೆ. ಒಬ್ಬರೂ ಕುಲುಮೆಯ ಒಳಗೆ ಕಾಲಿಡಲು ಧೈರ್ಯ ಮಾಡಲಿಲ್ಲ. ಬೂದಿಯ ಅಡಿಯಲ್ಲಿ ಒಂದು ಹುಣಸೆಬೀಜದಷ್ಟು ಕೆಂಡ ಉಳಿದಿದ್ದಾಗ ಅವನು ಬಂದನಂತೆ. ಅಷ್ಟರಲ್ಲಿ ಚಳಿಗೆ ಮೂರು ಹಸುಗೂಸು ಸತ್ತಿದ್ದವು. ಊರಿನವರು ಆವತ್ತೇ ತೀರ್ಮಾನ ಮಾಡಿದರು. ಕಾಲು ಮುರಿಯುವ ಕೆಲಸ, ಮುರಿದದ್ದನ್ನು ಸೊಟ್ಟಗೆ ಕಟ್ಟುವ ಕೆಲಸ, ಎರಡೂ ನಮ್ಮ ಮನೆತನಕ್ಕೆ ಬಂದವು. ಮೂವರು ಹಿಡಿದುಕೊಳ್ಳುತ್ತಾರೆ. ಮೊದಲು ಗಸಗಸೆಯ ಕಾಯಿಯ ಕಷಾಯ ಕುಡಿಸುತ್ತಾರೆ. ಆಮೇಲೆ ಮರದ ಕೊಡತಿಯ ಏಟು.

"ಮಾವನಿಗೆ ನೀವೇನಾ?"

"ನಾನೇ. ಆಗ ನನಗೆ ಇಪ್ಪತ್ತಾರು ವರ್ಷ. ಅವನೂ ನಾನೂ ಒಟ್ಟಿಗೆ ಗೋಲಿ ಆಡಿದವರು." ಅಪ್ಪ ತಮ್ಮ ಅಂಗೈ ನೋಡಿಕೊಂಡರು. "ಮುರಿಯೋದು ಒಂದೇ ಏಟು ದೇವೀರಿ. ಕಟ್ಟೋದು ಎರಡು ತಿಂಗಳು. ಆ ಎರಡು ತಿಂಗಳು ನಾನು ಅವನ ಪಕ್ಕ ಬಿಟ್ಟು ಕದಲಲಿಲ್ಲ. ಅದೂ ಸತ್ಯವೇ."

"ನನ್ನನ್ನ ಆ ಮನೆಗೆ ಕೊಟ್ಟಿರಲ್ಲ."

"ಕೊಟ್ಟೆ. ಅವನಿಗೆ ಬೇರೆ ಏನು ಕೊಟ್ಟರೂ ಸಾಲದು ಅನ್ನಿಸ್ತು" ಎಂದರು. ಆ ಮಾತಿನ ಅರ್ಥ ಅವರಿಗೇ ಗೊತ್ತಿತ್ತೋ ಇಲ್ಲವೋ.

ನಾನು ಓಡುತ್ತಲೇ ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿದರು.

"ಗೊತ್ತು" ಎಂದರು.

"ಗೊತ್ತಾ?"

"ಅಪ್ಪಯ್ಯ ಸಾಯುವ ಮುಂಚೆ ಹೇಳಿದರು. ಎರಡು ಕಾಲೂ ಗಟ್ಟಿ ಇರೋ ಆಚಾರಿಯ ಕೆಂಡದಲ್ಲಿ ಬೇಯಿಸಿದ ಅನ್ನ ಊರಿನವರ ಗಂಟಲಲ್ಲಿ ಇಳಿಯೋದಿಲ್ಲ ಮಗ, ಕೊಟ್ಟುಬಿಡು, ಆಮೇಲೆ ನೆಮ್ಮದಿ ಅಂದರು. ನೀನೇ ನೋಡಿದೆಯಲ್ಲ, ಈ ಒಂದು ತಿಂಗಳು ಹೇಗೆ ನೋಡ್ತಾರೆ. ನನಗೂ ಸಾಕಾಗಿದೆ. ಮುರಿಯಲಿ ಬಿಡು."

ನನಗೆ ಬಂದ ಸಿಟ್ಟು ಅಪ್ಪನ ಮೇಲಿಗಿಂತ ಇವರ ಮೇಲೆ ಹೆಚ್ಚು. ಕೈಯಲ್ಲಿದ್ದ ಇದ್ದಿಲ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದೆ. ಆಗ, ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯ ಬಾಯಿಗೆ ಬಂತು. ಮಾವ ಮಲಗಿದ್ದ ಕೊನೆಯ ದಿನಗಳಲ್ಲಿ ಇವರಿಗೂ ಜ್ವರ ಬಂದು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಆ ಮೂರು ದಿನ ತಿದಿ ಒತ್ತಿದವಳು ನಾನು. ಕುಲುಮೆಯ ಪರದೆ ಎಳೆದಿದ್ದರಿಂದ ಯಾರಿಗೂ ಕಾಣಲಿಲ್ಲ, ಕೆಂಡಕ್ಕೆ ಬಂದವರು ಒಳಗೆ ಆಚಾರಿ ಇದ್ದಾನೆ ಎಂದೇ ತಿಳಿದು ಒಯ್ದರು.

"ಬೆಂಕಿ ಆರಲಿಲ್ಲ" ಎಂದೆ. "ಒಂದು ಕಿಡಿಯೂ ಕಡಿಮೆಯಾಗಲಿಲ್ಲ."

"ಅಪ್ಪಯ್ಯ ಜೀವಂತ ಇದ್ದರಲ್ಲ ಮನೇಲಿ. ಅದಕ್ಕೇ ಇರಬಹುದು."

"ಇರಬಹುದು. ಇಲ್ಲದೆಯೂ ಇರಬಹುದು. ನೋಡೋಣ."

"ನೋಡೋದಕ್ಕೆ ಹೋಗಿ ಆರಿದರೆ? ಇಡೀ ಊರು ದೇವೀರಿ."

ಅವರ ಎದುರು ಕೂತು, "ನಿಮಗೇನು ಬೇಕು?" ಎಂದು ಕೇಳಿದೆ. ಮದುವೆಯಾಗಿ ಏಳು ವರ್ಷದಲ್ಲಿ ನಾನೂ ಅದನ್ನು ಕೇಳಿರಲಿಲ್ಲ.

"ಒಂದು ಸಲ ಹೋಗಿ ಬರಬೇಕು" ಎಂದರು. "ಎಲ್ಲಿಗೆ ಅಂತ ಇಲ್ಲ."

ಮೂವತ್ತೇಳನೆಯ ದಿನ, ಊರೆಲ್ಲ ಊಟಕ್ಕೆ ಕೂತಿರುವ ಹೊತ್ತಿನಲ್ಲಿ, ವಾರಿಜಾಕ್ಷಿ ಮೇಡಂ ಮಧ್ಯಾಹ್ನದ ಬಸ್ಸಿಗೆ ಹೊರಟರು. ಅವರ ಟ್ರಂಕು ಹೊರುವ ನೆಪದಲ್ಲಿ ನನ್ನ ಗಂಡ ಜೊತೆಗೆ ಹೋದರು. ಮೂರು ದಿನ ಎಂದು ಮಾತು. ಹತ್ತುವ ಮುಂಚೆ ಮೇಡಂ ನನ್ನ ಕೈ ಹಿಡಿದು, "ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತೇನೋ" ಎಂದರು. "ಮೂವತ್ತು ವರ್ಷ ಈ ಕಥೆ ಹೇಳಿದ್ದೀನಿ ದೇವೀರಿ, ಯಾರ ಮನೆಗೂ ಏನೂ ಆಗಿರಲಿಲ್ಲ." ಬಸ್ಸು ತಿರುವಿನಲ್ಲಿ ಮರೆಯಾಗುವಾಗ ನನ್ನ ಗಂಡ ಕಿಟಕಿಯಿಂದ ಹಿಂದಕ್ಕೆ ನೋಡುತ್ತಾರೆ ಎಂದುಕೊಂಡಿದ್ದೆ. ನೋಡಲಿಲ್ಲ. ಅವರು ಮುಂದಿನ ರಸ್ತೆ ನೋಡುತ್ತಿದ್ದರು.

ನಾನು ಬಂದು ತಿದಿಗೆ ಕೂತೆ. ಹೊತ್ತು ಮುಳುಗುವಾಗ ಕಣ್ಣು ಮುಚ್ಚಿಕೊಂಡು ಒತ್ತಿದೆ. ಕಣ್ಣು ಬಿಟ್ಟಾಗ ಬೆಂಕಿ ಇತ್ತು.

ಬೆಳಗ್ಗೆ ಮೊದಲು ಬಂದವಳು ಸುಬ್ಬಕ್ಕ. ನಾನು ಪರದೆ ಸರಿಸಿಯೇ ಇಟ್ಟಿದ್ದೆ. ಅವಳು ನನ್ನನ್ನೂ ಖಾಲಿ ಜಾಗವನ್ನೂ ನೋಡಿ, ಮಡಕೆಯನ್ನು ಅಲ್ಲೇ ಬಿಟ್ಟು ಓಡಿದಳು. ಅರ್ಧ ಗಳಿಗೆಯಲ್ಲಿ ಅಂಗಳ ತುಂಬಿತು. ಪಟೇಲರು ಮುಂದೆ ಬಂದರು.

"ಎಲ್ಲಿ ಅವನು?"

"ಹೋಗಿದ್ದಾರೆ. ಬರ್ತಾರೆ."

"ಆ ಟೀ ಹೆಂಗಸಿನ ಜೊತೆಗಾ? ನಾನು ಹೇಳಲಿಲ್ಲವಾ? ಕೆಂಡ ಕದಿಯೋಕೆ ಬಂದಿದ್ದಾಳೆ ಅಂದಿದ್ದೆ. ಆಚಾರಿಯನ್ನೇ ಕದ್ದಳು!"

ಜನ ಕೂಗಾಡಿದರು. ಒಬ್ಬಳು ಅಳುತ್ತ ಮಗುವನ್ನು ಎದೆಗೆ ಅವುಚಿಕೊಂಡಳು. ಹಿಂದೆ ಅಪ್ಪ ನಿಂತಿದ್ದರು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಬೆಂಕಿಯ ಮೇಲಿನಿಂದ ನನ್ನ ಮೇಲೆ, ನನ್ನ ಮೇಲಿನಿಂದ ಕೆಳಕ್ಕೆ ಇಳಿಯುವುದನ್ನು ನೋಡಿದೆ. ತಿದಿಯ ಪಕ್ಕ ಚಾಚಿದ್ದ ನನ್ನ ಕಾಲುಗಳನ್ನು ಅವರು ನೋಡುತ್ತಿದ್ದರು.

ನಾನು ಕಾಲು ಒಳಕ್ಕೆ ಎಳೆದುಕೊಳ್ಳಲಿಲ್ಲ. "ಇವುಗಳಲ್ಲಿ ಯಾವುದು ಬೇಕು?" ಎಂದೆ. "ನಿನ್ನೆಯಿಂದ ಒತ್ತುತ್ತಾ ಇರೋಳು ನಾನು. ಬೆಂಕಿ ಇದೆ. ಮಾವ ಮಲಗಿದ್ದಾಗ ಮೂರು ದಿನ ಒತ್ತಿದವಳೂ ನಾನೇ. ನೀವೆಲ್ಲ ಅದರಲ್ಲೇ ಅಡುಗೆ ಮಾಡಿ ಉಂಡಿದ್ದೀರಿ. ಆಗ ಯಾವ ದೇವರೂ ನನ್ನ ಕಾಲು ಕೇಳಲಿಲ್ಲ."

"ನೀನು ಆಚಾರಿ ಮನೆಯವಳು, ಅದಕ್ಕೇ ಆರಿಲ್ಲ" ಎಂದರು ಪಟೇಲರು.

"ಹಾಗಾದರೆ ಇವತ್ತು ಹೊತ್ತು ಮುಳುಗುವಾಗ ನಾನು ಆಚೆ ಬೇವಿನ ಮರದ ಕೆಳಗೆ ಕೂತಿರ್ತೀನಿ. ಸುಬ್ಬಕ್ಕ ಒತ್ತಲಿ."

"ಆರಿದರೆ?"

ಆಗ ಹಿಂದಿನಿಂದ ಅಪ್ಪ, "ಒತ್ತಲಿ ಬಿಡಿ" ಎಂದರು. ಎಲ್ಲರೂ ತಿರುಗಿದರು. "ಆರಿದರೆ ಅವಳ ಕಾಲಲ್ಲ, ನನ್ನ ಕಾಲು ತಗೊಳ್ಳಿ. ಮುರಿಯೋದು ಹೇಗೆ ಅಂತ ನಾನೇ ಹೇಳಿಕೊಡ್ತೀನಿ."

ಸಂಜೆ ಇಡೀ ಊರು ಅಂಗಳದಲ್ಲಿತ್ತು. ಸುಬ್ಬಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತಿದಿಗೆ ಕೂತಳು. ನಾನು ಮರದ ಕೆಳಗೆ ಕೂತೆ. ಅಲ್ಲಿಂದ ಊರಿನ ಮಾಡುಗಳೆಲ್ಲ ಕಾಣುತ್ತವೆ. ಹೊತ್ತು ಗುಡ್ಡದ ಅಂಚಿಗೆ ತಾಗಿತು. ಒಂದು ಮನೆಯ ಹೊಗೆ ನಿಂತಿತು, ಅದರ ಪಕ್ಕದ್ದು ನಿಂತಿತು, ಆಮೇಲೆ ಇಡೀ ಕೆಳಗಿನ ಕೇರಿಯದು. ಕುಲುಮೆಯ ಕೆಂಪೂ ಮಂಕಾಯಿತು. "ಜೋರಾಗಿ ಒತ್ತೇ ಸುಬ್ಬಿ!" ಎಂದು ಯಾರೋ ಕಿರುಚಿದರು. ಕಿರುಚಿದವರು ಪಟೇಲರೇ. ಸುಬ್ಬಕ್ಕ ಎದ್ದು ನಿಂತು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಇದ್ದಿಲು ಚಟಚಟ ಎಂದು ಬಿಳುಪಾಗಿ ಹೊತ್ತಿಕೊಂಡಿತು. ಗುಡ್ಡದ ಹಿಂದೆ ಬೆಳಕು ಪೂರ್ತಿ ಹೋಯಿತು. ಬೆಂಕಿ ಹೋಗಲಿಲ್ಲ.

ಸಂತೋಷದಿಂದ ಕೂಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಕೂಗಲಿಲ್ಲ. ಎಲ್ಲರೂ ಬೆಂಕಿಯನ್ನು ಬಿಟ್ಟು ನೆಲ ನೋಡುತ್ತಿದ್ದರು. ಅಪ್ಪ ಅಂಗಳದ ಮಧ್ಯೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಹಾಗಾದರೆ ಸಿದ್ದನ ಕಾಲು..." ಎಂದರು, ಮುಂದೆ ಹೇಳಲಿಲ್ಲ. ಅವರನ್ನು ಎಬ್ಬಿಸಲು ನಾನು ಹೋಗಲಿಲ್ಲ. ಹೋಗಬೇಕು ಎಂದುಕೊಂಡೆ, ಕಾಲು ಬರಲಿಲ್ಲ.

ಮಾರನೆಯ ದಿನದಿಂದ ಹೆಂಗಸರು ಸರದಿ ಹಾಕಿಕೊಂಡರು. ಕೆಂಡಕ್ಕೆ ಬಂದವಳು ಒಂದಿಷ್ಟು ಹೊತ್ತು ತಿದಿ ಒತ್ತಿ ಹೋಗುವುದು. ಊರು ಇದಕ್ಕೆ ಎಷ್ಟು ಬೇಗ ಹೊಂದಿಕೊಂಡಿತೆಂದರೆ, ಐದನೆಯ ದಿನಕ್ಕೆ ಯಾರ ಸರದಿ ಯಾರು ತಪ್ಪಿಸಿದರು ಎಂದು ಜಗಳ ಶುರುವಾಗಿತ್ತು. ಆಚಾರಿ ಎಲ್ಲಿ ಎಂದು ಕೇಳುವವರೇ ಇರಲಿಲ್ಲ, ನನ್ನನ್ನು ಬಿಟ್ಟು.

ಮೂರು ದಿನ ಎಂದವರು ಬರಲಿಲ್ಲ. ನಾಲ್ಕು, ಐದು, ಆರು. ಮಧ್ಯಾಹ್ನದ ಬಸ್ಸಿಗೆ ಏನಾದರೊಂದು ನೆಪ ಮಾಡಿಕೊಂಡು ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ಮೊದಲು, ಏನಾದರೂ ಆಗಿದೆಯೇನೋ ಎಂದು ಹೆದರಿದೆ. ಆಮೇಲೆ ಆ ಹೆದರಿಕೆ ಹೋಗಿ ಬೇರೆಯದು ಬಂತು. ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ತಿರುಗದ ಆ ತಲೆ ಕಣ್ಣ ಮುಂದೆ ನಿಲ್ಲುತ್ತಿತ್ತು. ಎಲ್ಲಿಗೆ ಅಂತ ಇಲ್ಲ ಎಂದಿದ್ದರಲ್ಲ. ಬೆಂಕಿಕಡ್ಡಿ ಹೊತ್ತುವ ಊರುಗಳಲ್ಲಿ ಯಾರ ಮನೆಯ ಒಲೆಯ ಮುಂದೆ ಕೂತಿದ್ದಾರೋ. ಎಂಟನೆಯ ದಿನ ಬಸ್ಸು ಖಾಲಿ ಬಂದು ಖಾಲಿ ಹೋದಾಗ, ಧೂಳಿನಲ್ಲಿ ನಿಂತು ನಾನು ಒಂದು ವಿಷಯವನ್ನು ಸ್ಪಷ್ಟವಾಗಿ, ಒಂದೊಂದೇ ಪದವಾಗಿ ಯೋಚಿಸಿದೆ: ಅವತ್ತು ಅಪ್ಪನನ್ನು ತಡೆಯಬಾರದಿತ್ತು. ಸೊಟ್ಟ ಕಾಲಿನ ಗಂಡ ಮನೆಯಲ್ಲಿರುತ್ತಿದ್ದ.

ಹಿಂದೆ ಸದ್ದಾಯಿತು. ಅಪ್ಪ ಬಂದು ಸ್ವಲ್ಪ ದೂರದಲ್ಲಿ ನಿಂತಿದ್ದರು. ಆ ಸಂಜೆಯ ನಂತರ ನಾವು ಮಾತಾಡಿರಲಿಲ್ಲ. ಅವರು ನನ್ನ ಮುಖವನ್ನು ನೋಡಿದರು, ರಸ್ತೆಯನ್ನು ನೋಡಿದರು.

"ಅವತ್ತಿನ ಊರಿನವರೂ ಹೀಗೇ ನಿಂತಿದ್ದರಂತೆ ಕಣಮ್ಮ, ಆ ಒಂಬತ್ತು ದಿನ" ಎಂದರು.

ಅವರು ನನ್ನನ್ನು ಚುಚ್ಚಲು ಹೇಳಲಿಲ್ಲ. ತಮ್ಮ ಪರವಾಗಿಯೂ ಹೇಳಲಿಲ್ಲ. ನಾನು ಅವರ ಕೈ ಹಿಡಿದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಇಬ್ಬರೂ ಅಳುತ್ತಿದ್ದೆವು, ಎದುರು ಬಂದವರಿಗೆ ಧೂಳು ಬಿದ್ದಿದೆ ಎಂದೆವು.

ನನ್ನ ಗಂಡ ಬಂದದ್ದು ಹನ್ನೊಂದನೆಯ ದಿನ. ಬಸ್ಸಿನಲ್ಲಿ ಬರಲಿಲ್ಲ, ಗುಡ್ಡದ ಕಡೆಯಿಂದ ನಡೆದು ಬಂದರು. ಗಡ್ಡ ಬೆಳೆದಿತ್ತು, ಕಾಲು ಬಿರಿದಿತ್ತು. ಕುಲುಮೆಯಲ್ಲಿ ಸುಬ್ಬಕ್ಕನ ಸೊಸೆ ತಿದಿ ಒತ್ತುತ್ತಿದ್ದಳು. ಅವಳು ಇವರನ್ನು ನೋಡಿ, "ಓ, ಬಂದಿರಾ ಅಣ್ಣ, ನನ್ನದು ಮುಗೀತು, ಮುಂದಿನವರು ಇನ್ನೂ ಬಂದಿಲ್ಲ" ಎಂದು ಮಡಕೆ ಎತ್ತಿಕೊಂಡು ಹೊರಟೇಹೋದಳು. ಇವರು ಅಂಗಳದಲ್ಲಿ ಪೆಚ್ಚಾಗಿ ನಿಂತರು. ಪಟೇಲರು ಆ ದಾರಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿ, ಕಾಲಿನ ಕಡೆಗೆ ಕಣ್ಣೂ ಹಾಯಿಸದೆ, "ಬಂದೆಯಾ? ನಮ್ಮ ಗುದ್ದಲಿ ಬಾಯಿ ಹೋಗಿದೆ ನೋಡು" ಎಂದು ಮುಂದಕ್ಕೆ ಹೋದರು. ಹನ್ನೊಂದು ದಿನ ಹೊರಗೆ ಅಲೆದು ಎಲ್ಲೂ ಕುಗ್ಗದ ನನ್ನ ಗಂಡ, ಆ ಮಾತಿಗೆ ಸ್ವಲ್ಪ ಕುಗ್ಗಿದ ಹಾಗೆ ನನಗೆ ಕಂಡಿತು.

ಅನ್ನ ಬಡಿಸಿದೆ. ಉಣ್ಣುತ್ತ, ಮೇಡಂ ಅವರನ್ನು ಊರು ಮುಟ್ಟಿಸಿದ್ದು, ವಾಪಸು ಬರುವಾಗ ಬೇಕೆಂದೇ ನಡೆದದ್ದು, ಒಂದೊಂದು ಊರಿನ ಕುಲುಮೆಯಲ್ಲೂ ಒಂದೊಂದು ದಿನ ನಿಂತದ್ದು ಎಲ್ಲ ಹೇಳಿದರು. ಹೊರಗೆ ಯಾರೂ ಬೆಂಕಿಗೆ ಇನ್ನೊಬ್ಬರ ಮನೆಗೆ ಹೋಗುವುದಿಲ್ಲವಂತೆ, ಹಾಗಾಗಿ ಬೆಳಗ್ಗೆ ಎದ್ದರೆ ಅಕ್ಕಪಕ್ಕದವರ ಮುಖವನ್ನೂ ನೋಡುವುದಿಲ್ಲವಂತೆ. ಅದು ಅವರಿಗೆ ಬಹಳ ವಿಚಿತ್ರವಾಗಿ ಕಂಡಿತ್ತು. ಹೇಳುತ್ತ ಹೇಳುತ್ತ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಮೂರು ದಿನ ಅಂದಿದ್ದೆ. ತಡವಾಯ್ತು. ಆದರೆ ನಾನು ಬಂದೇ ಬರ್ತೀನಿ ಅಂತ ನಿನಗೆ ಗೊತ್ತಿತ್ತು, ಅಲ್ವಾ?"

ಊರಿನಲ್ಲಿ ತನ್ನನ್ನು ನಂಬಿದವಳು ಇವಳೊಬ್ಬಳು ಎಂಬ ಭರವಸೆ ಆ ಮುಖದಲ್ಲಿ ಪೂರ್ತಿ ತುಂಬಿತ್ತು.

"ಗೊತ್ತಿತ್ತು" ಎಂದು ಇನ್ನೊಂದು ಸೌಟು ಸಾರು ಬಡಿಸಿದೆ.